ಕಾರ್ಮಣ ಶರೀರದ ತೂಕ: ಚಿಕ್ಕೋಡಿ ಸೀಮೆಯ ಮರಣೋತ್ತರ ನಂಬಿಕೆ ಮತ್ತು ಭೌತವಿಜ್ಞಾನ

ಸತ್ತ ಮೇಲೂ ಏನೋ ಉಳಿಯುತ್ತದೆ ಎಂಬ ನಂಬಿಕೆಗೆ ಇಂದಿನ ಭೌತವಿಜ್ಞಾನದಲ್ಲಿ ಜಾಗವಿದೆಯೇ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ತೀರ ಸಡಿಲವಾಗಿ ಕೇಳುತ್ತೇವೆ. ಉಳಿಯುವುದು ಏನು, ಅದು ಹೋಗುವುದು ಎಲ್ಲಿಗೆ, ಹೇಗೆ, ಎಷ್ಟು ಹೊತ್ತಿನಲ್ಲಿ ಎಂದು ಹೇಳದವರ ಮಾತನ್ನು ವಿಜ್ಞಾನ ಒಪ್ಪಲೂ ಆರದು, ತಳ್ಳಲೂ ಆರದು. ಪ್ರಶ್ನೆಗೆ ಹುರುಳು ಬರಬೇಕಾದರೆ ಈ ನಾಲ್ಕಕ್ಕೂ ಉತ್ತರ ಬರೆದಿಟ್ಟ ಸಂಪ್ರದಾಯವೊಂದನ್ನು ಎದುರಿಗಿಟ್ಟುಕೊಳ್ಳಬೇಕು. ಅಂಥ ಸಂಪ್ರದಾಯ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂದಿಗೂ ಆಚರಣೆಯಲ್ಲಿದೆ. ಈ ಟಿಪ್ಪಣಿ ಮುಖ್ಯವಾಗಿ ಅದನ್ನು, ಎಂದರೆ ಇಲ್ಲಿನ ದಿಗಂಬರ ಜೈನರ ಪುನರ್ಜನ್ಮ ವಿಚಾರವನ್ನು, ಭೌತವಿಜ್ಞಾನದ ಎದುರು ಇಟ್ಟು ನೋಡುತ್ತದೆ. ನೆರೆಯ ಲಿಂಗಾಯತ ಮತ್ತು ಬೌದ್ಧ ನಿಲುವುಗಳು ಕೊನೆಯಲ್ಲಿ ಬರುತ್ತವೆ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ಬಯಲು ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯ ತವರು. ಆ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಪೂರ್ವಾಶ್ರಮದಲ್ಲಿ ಭೋಜ ಗ್ರಾಮದ ಪಾಟೀಲ ಮನೆತನದ ಸಾತಗೌಡ. ಆಚಾರ್ಯ ದೇಶಭೂಷಣರು ಕೋಥಳಿಯವರು, ವಿದ್ಯಾನಂದ ಮುನಿಗಳು ಶೇಡಬಾಳದವರು. 2024ರ ಫೆಬ್ರುವರಿ 18ರಂದು ಡೊಂಗರಗಢದಲ್ಲಿ ಸಲ್ಲೇಖನದಿಂದ, ಎಂದರೆ ಆಹಾರ ತ್ಯಜಿಸಿ ಸಾವನ್ನು ಎದುರುಗೊಳ್ಳುವ ವ್ರತದಿಂದ, ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಸದಲಗಾದಲ್ಲಿ. ಅದೇ ಸದಲಗಾದಲ್ಲಿ ಅವರಿಗಿಂತ 40 ವರ್ಷ ಮೊದಲು ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ ಕುಂದಕುಂದರ ಪ್ರವಚನಸಾರವನ್ನು 1935ರಲ್ಲಿ ಸಂಪಾದಿಸಿದರು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಒಂದೇ ಊರು ಒಬ್ಬ ಗ್ರಂಥಸಂಪಾದಕನನ್ನೂ ಒಬ್ಬ ತಪಸ್ವಿಯನ್ನೂ ಕೊಟ್ಟಿತು. ಒಬ್ಬರು ಪರೀಕ್ಷಿಸಿ ಅಚ್ಚು ಹಾಕಿಸಿದ್ದನ್ನು ಇನ್ನೊಬ್ಬರು ಬದುಕಿ ನೋಡಿದರು.

ಇದೇ ಸೀಮೆಯ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವೊಂದಿದೆ. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣಕ್ಕೆ ಸೇರಿದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ ಎಂಬ ಗುರುಗಳ ಹೆಸರು ಅದರಲ್ಲಿದೆ. ಯಾಪನೀಯರ ಬಗ್ಗೆ ಉಪಾಧ್ಯೆಯವರು ಬರೆದ ಲೇಖನಗಳಲ್ಲಿ ಈ ಶಾಸನಕ್ಕೆ ಸ್ಥಾನ ಸಿಕ್ಕಿದೆ. ಯಾಪನೀಯ ಮುನಿಗಳು ದಿಗಂಬರರಂತೆ ಬತ್ತಲೆ ಇರುತ್ತಿದ್ದವರಾದರೂ ಶ್ವೇತಾಂಬರರು ಒಪ್ಪುವ ಆಗಮಗಳನ್ನು ಮಾನ್ಯ ಮಾಡಿದವರು. ಸಲ್ಲೇಖನದ ಮೇಲಿನ ದೊಡ್ಡ ಪ್ರಾಕೃತ ಗ್ರಂಥ ಭಗವತೀ ಆರಾಧನೆಯನ್ನು ಬಹಳ ಜನ ವಿದ್ವಾಂಸರು ಇವರ ಪರಂಪರೆಗೇ ಸೇರಿಸುತ್ತಾರೆ. ಕನ್ನಡದ ವಡ್ಡಾರಾಧನೆಯ 19 ಕಥೆಗಳ ಬೇರು ಆ ಗ್ರಂಥದಲ್ಲಿದೆ. ಕನ್ನಡ ಗದ್ಯಕಥೆಯ ಆದಿಯಲ್ಲೇ ಸಾಯುವುದು ಹೇಗೆ, ಸತ್ತವರು ಎಲ್ಲಿ ಹುಟ್ಟಿದರು ಎಂಬ ವಿಚಾರವಿದೆ ಎಂದಾಯಿತು.

ಈಗ ಸಿದ್ಧಾಂತ. ಜೈನರ ಮೂಲ ಸೂತ್ರಗ್ರಂಥವಾದ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುವ ಬಗೆಯನ್ನು ಆಶ್ಚರ್ಯಪಡುವಷ್ಟು ಖಚಿತವಾಗಿ ಹೇಳಿದೆ. ಸತ್ತಾಗ ಸ್ಥೂಲ ದೇಹ ಬಿದ್ದುಹೋಗುತ್ತದೆ. ತೇಜಸ್ಸಿನಿಂದಾದ ತೈಜಸ ಮತ್ತು ಕರ್ಮದಿಂದಾದ ಕಾರ್ಮಣ ಎಂಬ ಎರಡು ಸೂಕ್ಷ್ಮ ಶರೀರಗಳು ಜೀವದ ಜೊತೆಗೇ ಹೋಗುತ್ತವೆ. ಇವು ಅನಾದಿಯಿಂದ ಅಂಟಿಕೊಂಡಿರುವಂಥವು, ಸಂಸಾರಿ ಜೀವಕ್ಕೆಲ್ಲ ಇರುವಂಥವು, ಯಾವ ವಸ್ತುವೂ ಇವನ್ನು ತಡೆಯಲಾರದು. ಪ್ರಯಾಣ ಆಕಾಶದ ಸಾಲುಗಳಗುಂಟ ನೇರ ಗೆರೆಯಲ್ಲಿ. ತಿರುವಿಲ್ಲದಿದ್ದರೆ ಒಂದೇ ಸಮಯದಲ್ಲಿ ಮುಗಿಯುತ್ತದೆ. ಇಲ್ಲಿ ಸಮಯವೆಂದರೆ ಇನ್ನು ಒಡೆಯಲಾಗದ ಕಾಲದ ಅತಿ ಚಿಕ್ಕ ಘಟಕ. ಹೆಚ್ಚೆಂದರೆ ಮೂರು ತಿರುವು ಬರಬಹುದು. ಆಗ ಜೀವ ಮೂರು ಸಮಯಗಳ ತನಕ ಆಹಾರವರ್ಗಣೆಯನ್ನು, ಎಂದರೆ ದೇಹ ಕಟ್ಟಲು ಬೇಕಾದ ದ್ರವ್ಯವನ್ನು, ತೆಗೆದುಕೊಳ್ಳದೆ ಇರುತ್ತದೆ. ಮುಂದಿನ ಗತಿ ಯಾವುದು, ದೇಹ ಎಂಥದು, ಆಯುಸ್ಸು ಎಷ್ಟು ಎಂಬುದೆಲ್ಲ ಆಯು, ನಾಮ ಮೊದಲಾದ ಕರ್ಮಗಳಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕರ್ಮದ ಸ್ವರೂಪ. ಬೇರೆ ಭಾರತೀಯ ದರ್ಶನಗಳಲ್ಲಿ ಕರ್ಮ ಒಂದು ಸಂಸ್ಕಾರ, ಒಂದು ಅದೃಷ್ಟ. ಜೈನರಲ್ಲಿ ಅದು ಪುದ್ಗಲ, ಅಂದರೆ ಜಡದ್ರವ್ಯವೇ. ಕಲ್ಲು, ನೀರು, ಹೊಗೆ ಯಾವ ಜಾತಿಯ ದ್ರವ್ಯವೋ ಕರ್ಮವೂ ಅದೇ ಜಾತಿಯದು, ಅತಿ ಸೂಕ್ಷ್ಮವಾದದ್ದು ಅಷ್ಟೆ. ಜೀವಕ್ಕೂ ಇಲ್ಲಿ ಅಳತೆಯಿದೆ. ಅದಕ್ಕೆ ಅಸಂಖ್ಯಾತ ಪ್ರದೇಶಗಳಿದ್ದು (ಪ್ರದೇಶವೆಂದರೆ ಜಾಗದ ಅತಿ ಚಿಕ್ಕ ಘಟಕ), ಇರುವೆಯ ಮೈಯಲ್ಲಿ ಕುಗ್ಗಿ ಆನೆಯ ಮೈಯಲ್ಲಿ ಹಿಗ್ಗುತ್ತದೆ. ಶಂಕರರ ಆತ್ಮ ದೇಶಕಾಲಗಳ ಆಚೆಗಿನದು, ಅದನ್ನು ತಕ್ಕಡಿಗೆ ಹಾಕುವ ಮಾತೇ ಏಳುವುದಿಲ್ಲ. ಜೈನರ ಜೀವ ಜಾಗ ಹಿಡಿಯುತ್ತದೆ, ಚಲಿಸುತ್ತದೆ, ಜಡದ್ರವ್ಯವನ್ನು ಹೊತ್ತುಕೊಂಡೇ ಹೊರಡುತ್ತದೆ. ಭೌತವಿಜ್ಞಾನ ವಿಚಾರಣೆ ನಡೆಸಬಹುದಾದ ಮರಣೋತ್ತರ ನಂಬಿಕೆ ಎಲ್ಲಾದರೂ ಇದ್ದರೆ ಅದು ಇದೇ. ಸಂಪ್ರದಾಯಕ್ಕೆ ಇದು ಕುಂದೆಂದು ನಾನು ಭಾವಿಸುವುದಿಲ್ಲ. ತಪ್ಪೆಂದು ತೋರಿಸಲು ಬರುವ ಹಾಗೆ ಮಾತಾಡಿದವರು ಲೋಕದಲ್ಲಿ ಕಡಿಮೆ.

ತಕ್ಕಡಿಯ ಮಾತು ನಾನು ಅಲಂಕಾರಕ್ಕೆ ಆಡಿದ್ದಲ್ಲ. ರಾಯಪಸೇಣಿಯ ಎಂಬ ಆಗಮದಲ್ಲಿ ಪಯೇಸಿ ಎಂಬ ನಾಸ್ತಿಕ ರಾಜ ಜೀವವನ್ನು ಹುಡುಕಲು ಪ್ರಯೋಗಗಳನ್ನೇ ಮಾಡುತ್ತಾನೆ. ದಿಗಂಬರರು ಈ ಆಗಮವನ್ನು ಪ್ರಮಾಣವಾಗಿ ಎಣಿಸುವುದಿಲ್ಲ ನಿಜ. ಆದರೆ ಕಾಗವಾಡದ ಯಾಪನೀಯರ ಕಿವಿಗೆ ಈ ಕಥೆ ಹೊಸದಾಗಿರಲಿಕ್ಕಿಲ್ಲ. ರಾಜ ಒಬ್ಬ ಕಳ್ಳನನ್ನು ಕಬ್ಬಿಣದ ಹಂಡೆಯಲ್ಲಿ ಜೀವಂತ ಕೂರಿಸಿ, ಮುಚ್ಚಳ ಹಾಕಿಸಿ, ಸಂದುಗಳಿಗೆ ಲೋಹ ಕರಗಿಸಿ ಹೊಯ್ಯಿಸುತ್ತಾನೆ. ಕೆಲವು ದಿನ ಬಿಟ್ಟು ತೆಗೆದರೆ ಕಳ್ಳ ಸತ್ತಿದ್ದಾನೆ, ಹಂಡೆಯಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಜೀವ ಹೊರಗೆ ಹೋಗಿದ್ದು ಎಲ್ಲಿಂದ? ಇನ್ನೊಬ್ಬನನ್ನು ಬದುಕಿದ್ದಾಗ ಒಮ್ಮೆ, ಉಸಿರು ಕಟ್ಟಿಸಿ ಕೊಂದ ಮೇಲೆ ಒಮ್ಮೆ ತೂಗಿಸುತ್ತಾನೆ. ತೂಕದಲ್ಲಿ ವ್ಯತ್ಯಾಸವಿಲ್ಲ. ಹೋದದ್ದು ಏನು ಹಾಗಾದರೆ? ಪಾಪಿಯಾದ ನನ್ನ ಅಜ್ಜ ನರಕದಿಂದ ಬಂದು ನನ್ನನ್ನು ಎಚ್ಚರಿಸಲಿಲ್ಲವೇಕೆ ಎಂದೂ ಕೇಳುತ್ತಾನೆ.

ತೀರ್ಥಂಕರ ಪಾರ್ಶ್ವನಾಥರ ಪರಂಪರೆಯ ಮುನಿ ಕೇಶಿ ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ಸೆರೆಯಲ್ಲಿರುವ ಅಪರಾಧಿಯನ್ನು ಮನೆಯವರಿಗೆ ಬುದ್ಧಿ ಹೇಳಿ ಬಾ ಎಂದು ಯಾರೂ ಬಿಡುವುದಿಲ್ಲ. ಬಾಗಿಲು ಭದ್ರಪಡಿಸಿದ ಮನೆಯೊಳಗೆ ನಗಾರಿ ಬಾರಿಸಿದರೆ ಶಬ್ದ ಗೋಡೆ ಒಡೆಯದೆಯೇ ಹೊರಬರುತ್ತದೆ. ತೂಕಕ್ಕೆ ಅವನು ಕೊಡುವ ದೃಷ್ಟಾಂತ ತೊಗಲ ಚೀಲದ್ದು: ಗಾಳಿ ತುಂಬಿದಾಗಲೂ ಗಾಳಿ ಬಿಟ್ಟಾಗಲೂ ಚೀಲದ ತೂಕ ಒಂದೇ. ಆದರೂ ಗಾಳಿ ಇದ್ದದ್ದು ಸುಳ್ಳಲ್ಲ.

ಈ ಚೀಲದ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಕೇಶಿಯ ವೀಕ್ಷಣೆ ಸರಿಯಾಗಿದೆ, ಇಂದಿಗೂ ಯಾರಾದರೂ ತೂಗಿ ನೋಡಬಹುದು. ಹತ್ತು ಲೀಟರ್ ಗಾಳಿಯ ತೂಕ ಸುಮಾರು 12 ಗ್ರಾಂ. ಚೀಲ ಹಿಗ್ಗಿದಾಗ ಹೊರಗಿನ ಅಷ್ಟೇ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ಗಾಳಿ ಚೀಲವನ್ನು ಅಷ್ಟೇ 12 ಗ್ರಾಂನಷ್ಟು ಮೇಲಕ್ಕೆತ್ತುತ್ತದೆ. ಎರಡೂ ಸರಿಹೋಗಿ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಆರ್ಕಿಮಿಡೀಸನ ತತ್ತ್ವವನ್ನು ಗಾಳಿಗೂ ಅನ್ವಯಿಸಿದರೆ ಇಷ್ಟು ಹೊಳೆಯುತ್ತದೆ. ಗಾಳಿಗೆ ತೂಕವಿದೆ ಎಂಬುದು ಹದಿನೇಳನೆಯ ಶತಮಾನದಲ್ಲಿ ಟಾರಿಚೆಲ್ಲಿ, ಪಾಸ್ಕಲ್ ಮೊದಲಾದವರ ಕೆಲಸದಿಂದ ಸ್ಥಿರವಾಯಿತು. ನಿರ್ವಾತದಲ್ಲಿ ತೂಗಿದ್ದರೆ ಕೇಶಿಯ ಚೀಲ ತನ್ನ ಗಾಳಿಯ ತೂಕವನ್ನು ತೋರಿಸಿಬಿಡುತ್ತಿತ್ತು. ದೃಷ್ಟಾಂತವನ್ನು ಕೊನೆಯವರೆಗೆ ಎಳೆದರೆ ಜೀವಕ್ಕೂ ಎಲ್ಲೋ ಅಡಗಿದ ತೂಕವಿರಬೇಕಾಗುತ್ತದೆ, ಅದು ಕೇಶಿಗೇ ಬೇಡವಾದದ್ದು.

ಬೌದ್ಧರ ದೀಘನಿಕಾಯದಲ್ಲೂ ಇದೇ ರಾಜ ಪಾಯಾಸಿ ಎಂಬ ಹೆಸರಿನಲ್ಲಿ ಬರುತ್ತಾನೆ, ಅಲ್ಲಿಯೂ ತಕ್ಕಡಿ ಇದೆ. ಎರಡು ಸಾವಿರ ವರ್ಷಗಳಷ್ಟು ಹಿಂದೆ ಹೊಳೆದ ಈ ಪ್ರಯೋಗವನ್ನು ಅಮೆರಿಕದ ಡಾಕ್ಟರ್ ಡಂಕನ್ ಮ್ಯಾಕ್‌ಡೂಗಲ್ ನಿಜವಾಗಿಯೂ ಮಾಡಿ 1907ರಲ್ಲಿ ಪ್ರಕಟಿಸಿದ. ಸಾಯುವ ಸ್ಥಿತಿಯಲ್ಲಿದ್ದ ಆರು ರೋಗಿಗಳನ್ನು ಮಂಚದ ಸಮೇತ ತಕ್ಕಡಿಯ ಮೇಲಿಟ್ಟ. ಮೊದಲನೆಯವನಲ್ಲಿ ಮುಕ್ಕಾಲು ಔನ್ಸ್, ಎಂದರೆ 21 ಗ್ರಾಂ, ಇಳಿಯಿತು. ಉಸಿರಿನ ಗಾಳಿಯಿಂದ ಹಾಗಾಯಿತೋ ಎಂದು ತಾನೇ ಮಂಚದ ಮೇಲೆ ಮಲಗಿ ಜೋರಾಗಿ ಉಸಿರೆಳೆದು ಬಿಟ್ಟು ನೋಡಿದ, ಮುಳ್ಳು ಅಲುಗಲಿಲ್ಲ. ಕೇಶಿಯ ಚೀಲವನ್ನೇ ಅವನು ತಿಳಿಯದೆ ಮತ್ತೆ ತೂಗಿದ್ದ. ಆದರೆ ಆರರಲ್ಲಿ ಎರಡು ಪ್ರಯೋಗಗಳನ್ನು ಅವನೇ ಕೈಬಿಟ್ಟ, ಉಳಿದವು ಒಂದಕ್ಕೊಂದು ತಾಳೆಯಾಗಲಿಲ್ಲ. ಅಗಸ್ಟಸ್ ಕ್ಲಾರ್ಕ್ ಎಂಬ ವೈದ್ಯ ಬೆವರಿನ ಕಾರಣ ಮುಂದಿಟ್ಟ: ಶ್ವಾಸಕೋಶ ನಿಂತಾಗ ರಕ್ತ ತಣಿಯುವುದು ನಿಂತು ಮೈಬಿಸಿ ಏರುತ್ತದೆ, ಬೆವರು ಆರುತ್ತದೆ, ತೂಕ ಇಳಿಯುತ್ತದೆ. ಆ 21 ಗ್ರಾಂ ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆ. ಪಯೇಸಿಯ ವ್ಯತ್ಯಾಸವಿಲ್ಲ ಎಂಬ ಫಲಿತಾಂಶವೇ ಅದಕ್ಕಿಂತ ಪ್ರಾಮಾಣಿಕವಾದದ್ದು.

ತೂಕ ಇಲ್ಲದಿದ್ದರೆ ಕಾರ್ಮಣ ಶರೀರ ಇಲ್ಲ ಎಂದಾಗುವುದಿಲ್ಲ. ಬೆಳಕಿನ ಕಣಕ್ಕೆ ನಿಶ್ಚಲ ದ್ರವ್ಯರಾಶಿಯಿಲ್ಲ, ನ್ಯೂಟ್ರಿನೊದ ದ್ರವ್ಯರಾಶಿ ನಗಣ್ಯ. ಹಾಗಾಗಿ ಕೇಳಬೇಕಾದದ್ದು ಅದು ಮಾಡುವ ಕೆಲಸದ ಬಗ್ಗೆ. ಒಂದು, ಅದು ಎಲ್ಲವನ್ನೂ ತೂರಿ ಹೋಗಬೇಕು. ಎರಡು, ಮನಸ್ಸು, ಮಾತು, ಮೈಗಳ ಪ್ರತಿಯೊಂದು ಚಟುವಟಿಕೆಯ ಗುರುತನ್ನೂ ಅದು ಹಿಡಿದಿಟ್ಟುಕೊಳ್ಳಬೇಕು. ಮೂರು, ಹೊಸ ಗರ್ಭದಲ್ಲಿ ಮೈಕಟ್ಟನ್ನೂ ಆಯುಸ್ಸನ್ನೂ ರೂಪಿಸಬೇಕು. ಭೌತವಿಜ್ಞಾನದ ಆಕ್ಷೇಪ ಇರುವುದು ಈ ಮೂರೂ ಒಟ್ಟಿಗೆ ಕೂಡಿಬರುವುದರಲ್ಲಿ.

ಎಲ್ಲವನ್ನೂ ತೂರಿಹೋಗುವ ಕಣ ನಮಗೆ ಗೊತ್ತಿದೆ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರ್ ಮೂಲಕ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ಹಾದುಹೋಗುತ್ತವೆ. ನಮಗದು ತಿಳಿಯುವುದೇ ಇಲ್ಲ, ಏಕೆಂದರೆ ಅವು ಅಣುಗಳನ್ನು ಹೆಚ್ಚುಕಡಿಮೆ ಮಾತಾಡಿಸುವುದೇ ಇಲ್ಲ. ಅವುಗಳ ಬಿಡುವಿಲ್ಲದ ಸಂಚಾರಕ್ಕೆ ಕಾರಣ ಈ ಮೌನ. ಗುರುತು ಹಿಡಿದಿಡುವುದೆಂದರೆ ಇದಕ್ಕೆ ತದ್ವಿರುದ್ಧ. ಮಿದುಳಿನಲ್ಲಿ ಯೋಚನೆ ನಡೆಯುವಾಗ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ನರಕೋಶದ ಪೊರೆ ದಾಟುತ್ತವೆ, ಅಲ್ಲಿ ಕೆಲಸ ಮಾಡುವುದು ವಿದ್ಯುತ್‌ಕಾಂತ ಬಲ. ಅದನ್ನು ಓದಿಕೊಳ್ಳಬೇಕಾದ ದ್ರವ್ಯ ಆ ಅಯಾನುಗಳೊಡನೆ ಬಲವಾಗಿ ವರ್ತಿಸಲೇಬೇಕು. ಹಾಗೆ ವರ್ತಿಸುವ ದ್ರವ್ಯ ಗೋಡೆಯನ್ನೂ ಬೆಟ್ಟವನ್ನೂ ತಡೆಯಿಲ್ಲದೆ ತೂರಲಾರದು, ಪ್ರಯೋಗಶಾಲೆಯ ಕಣ್ಣಿಗೂ ತಪ್ಪಿಸಿಕೊಳ್ಳಲಾರದು. ತೂರಬಲ್ಲದ್ದು ಬರೆದುಕೊಳ್ಳಲಾರದು, ಬರೆದುಕೊಳ್ಳಬಲ್ಲದ್ದು ತೂರಲಾರದು.

ಅಮೆರಿಕದ ಭೌತವಿಜ್ಞಾನಿ ಶಾನ್ ಕ್ಯಾರೊಲ್ 2011ರಲ್ಲಿ ಮಂಡಿಸಿದ ವಾದವೂ ಇದೇ ದಿಕ್ಕಿನದು. ಕಪ್ಪುದ್ರವ್ಯವೂ ಸೇರಿದಂತೆ ನಾವು ಕಾಣದ ಕಣಗಳು ವಿಶ್ವದಲ್ಲಿ ಇರಬಹುದು. ಆದರೆ ನಮ್ಮ ಮೈಯ ಪರಮಾಣುಗಳನ್ನು ಗಣನೀಯವಾಗಿ ಅಲುಗಿಸಬಲ್ಲ ಕಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿಬಿಡುತ್ತಿತ್ತು. ಎಲೆಕ್ಟ್ರಾನಿನ ಕಾಂತೀಯ ಗುಣವನ್ನು ಸಿದ್ಧಾಂತ ಮುಂಗಂಡಂತೆಯೇ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಅಳೆದು ನೋಡಲಾಗಿದೆ. ಜೀವಕ್ಕೆ ಕೈಯಾಡಿಸಲು ಆ ಲೆಕ್ಕದಲ್ಲಿ ಸಂದು ಉಳಿದಿಲ್ಲ. ಕ್ಯಾರೊಲ್‌ನ ವಾದಕ್ಕೂ ಒಂದು ಮಿತಿಯಿದೆ, ಅದನ್ನು ಮುಂದೆ ನೋಡೋಣ. ಕಾರ್ಮಣ ಶರೀರದ ಮಟ್ಟಿಗಂತೂ ಅದು ಗುರಿಗೆ ತಾಗುತ್ತದೆ.

ಜೈನ ಟೀಕಾಕಾರರಿಗೆ ಈ ತೊಡಕು ಕಾಣದೆ ಇರಲಿಲ್ಲ. ಮೂರ್ತವಾದ ಶರೀರ ಮೂರ್ತವಾದ ಬೇರೊಂದನ್ನು ತಡೆಯಿಲ್ಲದೆ ಹೇಗೆ ದಾಟೀತು ಎಂಬ ಪ್ರಶ್ನೆಯನ್ನು ಕರ್ನಾಟಕದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡಿದ್ದಾರೆ. ಅವರ ಉತ್ತರ: ಸೂಕ್ಷ್ಮವಾಗಿ ಪರಿಣಮಿಸಿರುವುದರಿಂದ, ಕಬ್ಬಿಣದ ಉಂಡೆಯೊಳಕ್ಕೆ ತೇಜಸ್ಸು ಹೊಕ್ಕ ಹಾಗೆ. ಕೇಶಿಯೂ ಪಯೇಸಿಗೆ ಕೆಂಪಗೆ ಕಾದ ಕಬ್ಬಿಣವನ್ನು ತೋರಿಸಿ, ಬೆಂಕಿ ಒಳಹೊಕ್ಕ ತೂತು ಎಲ್ಲಿದೆ ಎಂದು ಕೇಳಿದ್ದ. ಕುಲುಮೆಯ ಮುಂದೆ ನಿಂತವರಿಗೆ ಈ ದೃಷ್ಟಾಂತ ಥಟ್ಟನೆ ಒಪ್ಪಿತವಾಗುತ್ತದೆ. ಶಾಖ ಒಂದು ಸೂಕ್ಷ್ಮದ್ರವ, ಅದು ಲೋಹದ ಸಂದಿನಲ್ಲಿ ಹರಿಯುತ್ತದೆ ಎಂದು ಹದಿನೆಂಟನೆಯ ಶತಮಾನದ ಯುರೋಪಿನ ರಸಾಯನಜ್ಞರೂ ನಂಬಿದ್ದರು. 1798ರಲ್ಲಿ ರಮ್‌ಫರ್ಡ್ ಫಿರಂಗಿ ಕೊರೆಯುವಾಗ ಹುಟ್ಟುವ ಶಾಖಕ್ಕೆ ಕೊನೆಯೇ ಇಲ್ಲದ್ದನ್ನು ಗಮನಿಸಿದ. 1840ರ ದಶಕದಲ್ಲಿ ಜೂಲ್ ಕೆಲಸ ಮತ್ತು ಶಾಖಗಳ ಸಮತೆಯನ್ನು ಅಳೆದ. ಕಬ್ಬಿಣದೊಳಗೆ ಯಾವ ದ್ರವವೂ ಹೊಕ್ಕಿಲ್ಲ, ಕಬ್ಬಿಣದ ಕಣಗಳೇ ಹೆಚ್ಚು ಜೋರಾಗಿ ಕಂಪಿಸುತ್ತಿವೆ. ಶಾಖವೆಂಬುದು ಕಬ್ಬಿಣದ ಒಂದು ಅವಸ್ಥೆ.

ಹೀಗೆ ನೋಡಿದರೆ ಪೂಜ್ಯಪಾದರ ದೃಷ್ಟಾಂತ ಅವರ ಕೈಯಲ್ಲೇ ಬೇರೆ ಕಡೆ ತಿರುಗಿಕೊಳ್ಳುತ್ತದೆ. ಜೀವ ಕಬ್ಬಿಣದ ಶಾಖದಂಥದ್ದು ಎಂದರೆ, ಅದು ದೇಹದ ಒಂದು ಅವಸ್ಥೆ ಎಂದಾಗುತ್ತದೆ. ಉಂಡೆ ಆರಿದ ಮೇಲೆ ಶಾಖ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಸುತ್ತಲಿನ ಗಾಳಿ ಅಷ್ಟು ಬಿಸಿಯಾಯಿತು ಎಂಬುದಷ್ಟೇ ಉತ್ತರ. ದೇಹ ಬಿಟ್ಟು ಬೇರೆ ಜೀವವಿಲ್ಲ ಎಂಬ ಪಯೇಸಿಯ ಪಕ್ಷ ಇದೇ.

ವೇಗದ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಪರಮಾಣು ಒಂದೇ ಸಮಯದಲ್ಲಿ ಲೋಕದ ಬುಡದಿಂದ ತುದಿಯವರೆಗೆ, ಜೈನರ ಲೋಕಮಾನದಲ್ಲಿ 14 ರಜ್ಜು ದೂರ, ಹೋಗಬಲ್ಲದು ಎಂಬುದು ಜೈನ ಮತ. ಸಾಪೇಕ್ಷತಾ ಸಿದ್ಧಾಂತದಲ್ಲಿ ಯಾವ ದ್ರವ್ಯವೂ, ಯಾವ ಸಂದೇಶವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಮೀರಲಾರದು. ದೂರದ ಎರಡು ಜಾಗಗಳಲ್ಲಿ ಒಂದೇ ಸಮಯ ಎನ್ನುವುದಕ್ಕೆ ಎಲ್ಲರೂ ಒಪ್ಪುವ ಅರ್ಥವೂ ಅಲ್ಲಿ ಉಳಿಯುವುದಿಲ್ಲ. ಇಲ್ಲಿ ಹೊಂದಾಣಿಕೆಯ ದಾರಿ ನನಗೆ ಕಾಣುವುದಿಲ್ಲ.

ಹೊಂದಾಣಿಕೆ ಹುಡುಕಿದವರಿದ್ದಾರೆ. ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜಿ. ಆರ್. ಜೈನ್ 1940ರ ದಶಕದಲ್ಲಿ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯಕ್ಕೆ ಇಂಗ್ಲಿಷಿನಲ್ಲಿ ವಿಸ್ತಾರವಾದ ವ್ಯಾಖ್ಯಾನ ಬರೆದು, ಚಲನೆಗೆ ಆಸರೆಯಾಗುವ ಧರ್ಮದ್ರವ್ಯವನ್ನು, ಬೆಳಕಿನ ಮಾಧ್ಯಮವೆಂದು ಒಮ್ಮೆ ಭಾವಿಸಿದ್ದ ಈಥರ್ ಜೊತೆ ಸಮೀಕರಿಸಿದರು. ಶ್ರಮದ ಪುಸ್ತಕ, ಓದಲು ಯೋಗ್ಯ. ಆದರೆ ಈಥರ್ ಅನ್ನು 1887ರ ಮೈಕೆಲ್‌ಸನ್–ಮಾರ್ಲಿ ಪ್ರಯೋಗ ಅಲುಗಿಸಿತ್ತು, 1905ರಲ್ಲಿ ಐನ್‌ಸ್ಟೈನ್ ಅದು ಬೇಕಾಗಿಯೇ ಇಲ್ಲ ಎಂದು ತೋರಿಸಿಯಾಗಿತ್ತು. ವಿಜ್ಞಾನದ ಆಸರೆ ಹುಡುಕಿ ಹೊರಟವರು ವಿಜ್ಞಾನ ಆಗತಾನೆ ಖಾಲಿ ಮಾಡಿದ ಮನೆಗೆ ಬಾಡಿಗೆಗೆ ಹೋದಂತಾಯಿತು. ಇಂದು ಈಥರ್‌ನ ಜಾಗದಲ್ಲಿ ಕ್ವಾಂಟಂ ಬಂದಿದೆ. ಪ್ರಜ್ಞೆಗೆ ನರಕೋಶದ ಸೂಕ್ಷ್ಮನಾಳಗಳಲ್ಲಿ ನಡೆಯುವ ಕ್ವಾಂಟಂ ಕ್ರಿಯೆಯೇ ಕಾರಣ ಎಂದು ಪೆನ್‌ರೋಸ್ ಮತ್ತು ಹ್ಯಾಮೆರಾಫ್ ಹೇಳಿದರು. ಬಿಸಿಯೂ ತೇವವೂ ಆದ ಮಿದುಳಿನಲ್ಲಿ ಅಂಥ ಸ್ಥಿತಿ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಪಾಲಿಗಿಂತಲೂ ಬೇಗ ಕದಡಿಹೋಗುತ್ತದೆ ಎಂದು ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿದ. ವಾದ ಇನ್ನೂ ಮುಗಿದಿಲ್ಲ. ಪೆನ್‌ರೋಸ್ ಗೆದ್ದರೂ ಅದರಿಂದ ಸಾಬೀತಾಗುವುದು ಬದುಕಿರುವ ಮಿದುಳಿನ ವ್ಯವಹಾರ, ಸತ್ತ ಮೇಲಿನದಲ್ಲ.

ಮಾಹಿತಿ ನಾಶವಾಗುವುದಿಲ್ಲ ಎಂಬ ಕ್ವಾಂಟಂ ನಿಯಮವನ್ನೂ ಹೀಗೆಯೇ ಎಳೆದು ತರುತ್ತಾರೆ. ನಿಯಮ ನಿಜ. ಸ್ಯಾಮ್ಯುಯೆಲ್ ಬ್ರೌನ್‌ಸ್ಟೈನ್ ಮತ್ತು ಭಾರತದ ಅರುಣ್ ಪತಿ 2007ರಲ್ಲಿ ಮಂಡಿಸಿದ ಪ್ರಮೇಯವೂ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ: ಒಂದು ಕಡೆ ಅಳಿಸಿಹೋದಂತೆ ಕಂಡ ಮಾಹಿತಿ ಸುತ್ತಲಿನ ಪರಿಸರಕ್ಕೆ ಸರಿದಿರುತ್ತದೆ. ಸುಟ್ಟ ಕಾಗದದ ಅಕ್ಷರಗಳು ಹೊಗೆ, ಬೂದಿ, ಬೆಳಕುಗಳಲ್ಲಿ ತಾತ್ವಿಕವಾಗಿ ಉಳಿದಿವೆ. ಆ ಹೊಗೆಯನ್ನು ಯಾರೂ ಕಾಗದ ಎನ್ನುವುದಿಲ್ಲ, ಅದನ್ನು ಯಾರೂ ಓದುತ್ತಿರುವುದೂ ಇಲ್ಲ. ಪುನರ್ಜನ್ಮಕ್ಕೆ ಬೇಕಾದದ್ದು ಚದುರಿದ್ದು ಒಟ್ಟುಗೂಡಿ ಒಬ್ಬನಾಗಿ ಎದ್ದು ನಿಲ್ಲುವುದು. ಅದಕ್ಕೆ ಭೌತವಿಜ್ಞಾನದಲ್ಲಿ ಯಾವ ಏರ್ಪಾಟೂ ಇಲ್ಲ.

ಇಷ್ಟು ಬಾಗಿಲು ಮುಚ್ಚಿದ ಮೇಲೆ ತೆರೆದಿರುವುದು ಯಾವುದು? ನನ್ನ ಎಣಿಕೆಯಲ್ಲಿ ಒಂದು ಇದೆ. ಅದು ಪುನರ್ಜನ್ಮದ ಕಡೆಗೆ ತೆರೆದುಕೊಳ್ಳುವ ಬಾಗಿಲಲ್ಲ.

1955ರ ಮಾರ್ಚ್‌ನಲ್ಲಿ ಗೆಳೆಯ ಮಿಷೆಲ್ ಬೆಸೊ ತೀರಿಕೊಂಡಾಗ ಐನ್‌ಸ್ಟೈನ್ ಆತನ ಮನೆಯವರಿಗೆ ಸಾಂತ್ವನದ ಕಾಗದ ಬರೆದ. ನಮ್ಮಂಥ ಭೌತವಿಜ್ಞಾನಿಗಳಿಗೆ ಭೂತ, ವರ್ತಮಾನ, ಭವಿಷ್ಯಗಳ ಭೇದ ಒಂದು ಹಟಮಾರಿ ಭ್ರಮೆಯಷ್ಟೇ ಎಂಬುದು ಅದರ ಸಾರ. ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 18ರಂದು, ಅವನೂ ತೀರಿಕೊಂಡ. ಹೊಟ್ಟೆಯ ಮಹಾಪಧಮನಿ ಒಡೆದಾಗ ಶಸ್ತ್ರಚಿಕಿತ್ಸೆ ಬೇಡ, ಬದುಕನ್ನು ಕೃತಕವಾಗಿ ಎಳೆಯುವುದು ಬೇಡ ಎಂದುಬಿಟ್ಟಿದ್ದ. ಅದೇ ವರ್ಷ ಆಗಸ್ಟ್ 14ರಂದು ಭೋಜದ ಶಾಂತಿಸಾಗರರು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಹಿಡಿದರು. 36ನೆಯ ದಿನ, ಸೆಪ್ಟೆಂಬರ್ 18ರಂದು, ದೇಹ ಬಿಟ್ಟರು. ಎರಡು ಸಾವುಗಳ ನಡುವೆ ಲೆಕ್ಕಕ್ಕೆ ಸರಿಯಾಗಿ ಐದು ತಿಂಗಳು. ತಾರೀಖಿನ ಈ ಕಾಕತಾಳೀಯಕ್ಕೆ ಏನೂ ಅರ್ಥವಿಲ್ಲ. ಒಂದೇ ವರ್ಷದಲ್ಲಿ ಸಾವನ್ನು ಕಣ್ಣು ಬಿಟ್ಟು ನೋಡಿದ ಇಬ್ಬರು ಎಂಬ ಕಾರಣಕ್ಕೆ ಇಲ್ಲಿ ಒಟ್ಟಿಗೆ ತಂದೆ.

ಸಾಪೇಕ್ಷತೆಯ ಒಂದು ಓದಿನ ಪ್ರಕಾರ ದೇಶಕಾಲ ಒಂದೇ ಇಡಿಯಾದ ಹರಹು. ಅದರಲ್ಲಿ ಕಳೆದದ್ದು ಇಲ್ಲವಾಗಿಲ್ಲ, ಬರುವುದು ಇನ್ನೂ ಹುಟ್ಟಿಲ್ಲವೆಂದಲ್ಲ. ಕುಂಥಲಗಿರಿಯ ಆ 36 ದಿನಗಳು ತಮ್ಮ ಜಾಗದಲ್ಲಿ ಈಗಲೂ ಇವೆ. ಉಪಾಧ್ಯೆಯವರು ಸಂಪಾದಿಸಿದ ಪ್ರವಚನಸಾರದ ಜ್ಞಾನಾಧಿಕಾರ ಓದಿದವರಿಗೆ ಇದು ಅಪರಿಚಿತ ಎನಿಸದು. ದ್ರವ್ಯಗಳ ಆಗಿಹೋದ ಪರ್ಯಾಯಗಳೂ (ಅವಸ್ಥೆಗಳೂ) ಇನ್ನೂ ಆಗದ ಪರ್ಯಾಯಗಳೂ ಎಲ್ಲವನ್ನೂ ಅರಿಯುವ ಕೇವಲಜ್ಞಾನದಲ್ಲಿ ಈಗ ಇದ್ದ ಹಾಗೆಯೇ ತೋರುತ್ತವೆ ಎಂದು ಕುಂದಕುಂದರು ಅಲ್ಲಿ ಹೇಳುತ್ತಾರೆ. ಹೋಲಿಕೆ ನಿಜವಾದದ್ದು, ಈಥರ್‌ನ ಹಾಗೆ ಎರವಲು ತಂದದ್ದಲ್ಲ. ವ್ಯತ್ಯಾಸವೂ ದೊಡ್ಡದು. ಕುಂದಕುಂದರಲ್ಲಿ ಕಳೆದ ಪರ್ಯಾಯ ಕಳೆದದ್ದೇ, ಅದನ್ನು ಈಗಿನಂತೆ ಕಾಣುವವನು ಒಬ್ಬನಿದ್ದಾನೆ. ಐನ್‌ಸ್ಟೈನನ ಹರಹಿನಲ್ಲಿ ಕಳೆದದ್ದು ಇದೆ, ಕಾಣುವವನು ಬೇಕಿಲ್ಲ. ಮುಖ್ಯವಾಗಿ, ಈ ಹರಹು ಸತ್ತವನಿಗೆ ಒಂದು ದಿನವನ್ನೂ ಹೆಚ್ಚಿಗೆ ಕೊಡುವುದಿಲ್ಲ. ಹುಟ್ಟಿನಿಂದ ಸಾವಿನವರೆಗಿನದು ಅಳಿಯದು ಎನ್ನುತ್ತದೆ, ಸಾವಿನ ಆಚೆಗೆ ಏನನ್ನೂ ಜೋಡಿಸುವುದಿಲ್ಲ.

ಕ್ಯಾರೊಲ್‌ನ ವಾದದ ಮಿತಿಯ ಮಾತು ಬಾಕಿ ಇತ್ತು. ಕಣಗಳ ಸಮೀಕರಣ ಕಣಗಳ ನಡೆಯನ್ನು ಹೇಳುತ್ತದೆ. ಆ ನಡೆಗೆ ನೋವು ಎಂಬ ಅನುಭವ ಏಕೆ ಜೊತೆಯಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಚೈತನ್ಯವೇ ಜೀವದ ಲಕ್ಷಣ ಎಂದ ಜೈನರು ಬೊಟ್ಟಿಟ್ಟು ತೋರಿಸಿದ್ದು ಈ ತೆರಪನ್ನೇ. ಈ ತೆರಪು ಈಗಲೂ ತುಂಬಿಲ್ಲ, ಅದನ್ನು ಒಪ್ಪಿಕೊಳ್ಳಲು ವಿಜ್ಞಾನಿಗಳು ನಾಚಬೇಕಾಗಿಲ್ಲ. ಆದರೆ ತೆರಪು ಇರುವುದು ಬೇರೆ, ಅದರಲ್ಲಿ ನಮಗೆ ಬೇಕಾದದ್ದು ಇದೆ ಎನ್ನುವುದು ಬೇರೆ.

ಸಿದ್ಧಾಂತ ಏನಾದರೂ ಹೇಳಲಿ, ಪುನರ್ಜನ್ಮಕ್ಕೆ ಪುರಾವೆಯೇ ಸಿಕ್ಕರೆ? ಈ ಹುಡುಕಾಟದಲ್ಲಿ ಬೆಂಗಳೂರಿಗೂ ಪಾಲಿದೆ. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಅವರು ವರ್ಜೀನಿಯಾದ ಇಯಾನ್ ಸ್ಟೀವನ್‌ಸನ್ ಜೊತೆ, ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಚನ್ನಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಸತ್ತು ಬದುಕಿದೆವು ಎನ್ನುವವರನ್ನೂ ಹುಡುಕಿ ಮಾತಾಡಿಸಿದರು. 1997ರ ತನ್ನ ಬೃಹತ್ ಗ್ರಂಥದಲ್ಲಿ ಸ್ಟೀವನ್‌ಸನ್, ಹಿಂದಿನ ಜನ್ಮದ ಗಾಯದ ಗುರುತನ್ನು ಹೊಸ ಮೈಗೆ ಒಯ್ಯುವ ಸೂಕ್ಷ್ಮ ವಾಹಕವೊಂದನ್ನು ಊಹಿಸಬೇಕಾಯಿತು. ಅದಕ್ಕೆ ಅವನು ಹೊಸ ಹೆಸರಿಟ್ಟ. ನಾಮಕರ್ಮವನ್ನು ಹೊತ್ತ ಕಾರ್ಮಣ ಶರೀರ ಮಾಡುವ ಕೆಲಸವೂ ಅದೇ, ಆದ್ದರಿಂದ ತೂರಬಲ್ಲದ್ದು ಬರೆದುಕೊಳ್ಳಲಾರದು ಎಂಬ ಇಕ್ಕಟ್ಟು ಈ ವಾಹಕಕ್ಕೂ ತಪ್ಪಿದ್ದಲ್ಲ. ಪುರಾವೆಗಳ ವಿಷಯದಲ್ಲಿ ನನಗೆ ಅನುಮಾನ ತರುವ ಅಂಶ ಒಂದೇ. ಸತ್ತು ಬದುಕಿದೆವು ಎನ್ನುವವರ ಅನುಭವಗಳು ಊರಿನ ನಂಬಿಕೆಯ ಅಚ್ಚಿನಲ್ಲೇ ಬರುತ್ತವೆ. ಭಾರತದವರು ಹೇಳಿದ್ದರಲ್ಲಿ ಯಮದೂತರು ತಪ್ಪು ಮನುಷ್ಯನನ್ನು ಒಯ್ದು, ಲೆಕ್ಕ ನೋಡಿ, ವಾಪಸು ಕಳಿಸುತ್ತಾರೆ. ಅಮೆರಿಕದವರಲ್ಲಿ ಈ ಗುಮಾಸ್ತಿಕೆ ಕಾಣುವುದಿಲ್ಲ.

ನೆರೆಯವರ ವಿಷಯ ಇನ್ನು ಚುಟುಕಾಗಿ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಈ ಭಾಗದ ಲಿಂಗಾಯತರ ಪಾಲಿಗೆ ಆದರ್ಶ. ಅಲ್ಲಿ ಶರಣನಿಗೆ ಮರಳಿ ಹುಟ್ಟುವ ಮಾತಿಲ್ಲ, ಲಿಂಗದಲ್ಲಿ ಐಕ್ಯ. ದೇಹವನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿಯ ಜೊತೆ ಮಣ್ಣು ಮಾಡುತ್ತಾರೆ. ಇಲ್ಲಿಂದ ಅಲ್ಲಿಗೆ ಪ್ರಯಾಣ ಮಾಡುವ ವಸ್ತುವೇ ಇಲ್ಲದ ಕಾರಣ ಭೌತವಿಜ್ಞಾನಕ್ಕೆ ಇಲ್ಲಿ ತಕರಾರಿಲ್ಲ, ಸಾಕ್ಷಿ ನುಡಿಯುವ ಅಧಿಕಾರವೂ ಇಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗೆ ಬರುವ ಬಹುಮಂದಿ ಭಕ್ತರು ಕೇಳಿಕೊಳ್ಳುವುದು ಮಳೆ ಬೆಳೆ, ಮಕ್ಕಳು ಮರಿ, ರೋಗದ ಪರಿಹಾರ. ಪರಲೋಕದ ಭೂಗೋಳ ಅವರನ್ನು ಅಷ್ಟಾಗಿ ಕಾಡುವಂತೆ ಕಾಣುವುದಿಲ್ಲ.

ನಿಪ್ಪಾಣಿಯದು ಬೇರೆಯೇ ಕಥೆ. 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪ್ರಾಂತೀಯ ಪರಿಷತ್ತು ಅಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಡೆಯಿತು. ಮುಂದೆ ಅವರ ದಾರಿ ಹಿಡಿದು ಬೌದ್ಧರಾದ ಮನೆತನಗಳು ಈ ಸೀಮೆಯಲ್ಲಿವೆ. ಮರಣೋತ್ತರದ ಪ್ರಶ್ನೆಯನ್ನು ಭೌತವಿಜ್ಞಾನದ ಮಾತಿನಲ್ಲೇ ಎತ್ತಿಕೊಂಡ ಏಕೈಕ ಧರ್ಮಗ್ರಂಥ ಈ ಸೀಮೆಯವರ ಕೈಯಲ್ಲಿ ಇದ್ದರೆ ಅದು ಅಂಬೇಡ್ಕರರ ಬುದ್ಧ ಮತ್ತು ಆತನ ಧಮ್ಮ. 1957ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅದು ಹೊರಬಂತು. ಆತ್ಮ ಒಂದು ಮೈಯಿಂದ ಇನ್ನೊಂದಕ್ಕೆ ದಾಟುವುದನ್ನು ಅಂಬೇಡ್ಕರರು ಒಪ್ಪುವುದಿಲ್ಲ. ಸತ್ತಾಗ ದೇಹದ ಧಾತುಗಳು ಲೋಕದ ಧಾತುರಾಶಿಗೆ ಸೇರುತ್ತವೆ, ಶಕ್ತಿ ವಿಶ್ವದ ಶಕ್ತಿರಾಶಿಗೆ ಸೇರುತ್ತದೆ, ಶಕ್ತಿ ನಾಶವಾಗದೆಂಬ ವಿಜ್ಞಾನದ ಮಾತಿಗೂ ಇದಕ್ಕೂ ವಿರೋಧವಿಲ್ಲ ಎನ್ನುತ್ತಾರೆ. ಅದೇ ವ್ಯಕ್ತಿ ಮತ್ತೆ ಹುಟ್ಟುತ್ತಾನೆಯೇ ಎಂಬ ಪ್ರಶ್ನೆಯನ್ನು ಬೇರ್ಪಡಿಸಿ ಕೇಳುವ ಎಚ್ಚರವೂ ಅವರಲ್ಲಿದೆ.

ಲೆಕ್ಕ ಹಾಕಿ ನೋಡಬಹುದು. 60 ಕಿಲೋ ತೂಕದ ದೇಹ 37 ಡಿಗ್ರಿಯಿಂದ ಸುತ್ತಲಿನ 25 ಡಿಗ್ರಿಗೆ ಇಳಿಯುವಾಗ ಹೊರಬೀಳುವ ಶಾಖ ಸುಮಾರು 25 ಲಕ್ಷ ಜೂಲ್, ಮುಕ್ಕಾಲು ಯೂನಿಟ್ ಕರೆಂಟಿಗೂ ತುಸು ಕಡಿಮೆ. ಉಳಿದ ಶಕ್ತಿ ಮಾಂಸ, ಕೊಬ್ಬು, ಎಲುಬುಗಳ ಅಣುಬಂಧಗಳಲ್ಲಿದ್ದು, ಸುಟ್ಟರೆ ಬೆಂಕಿಗೆ, ಹೂಳಿದರೆ ಮಣ್ಣಿನ ಹುಳಗಳಿಗೆ ಸೇರುತ್ತದೆ. ಲೆಕ್ಕದಲ್ಲಿ ಒಂದು ಜೂಲೂ ಕಾಣೆಯಾಗುವುದಿಲ್ಲ, ಸತ್ತವರ ಹೆಸರು ಬರೆದ ಜೂಲೂ ಅದರಲ್ಲಿ ಒಂದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಈ ಸೀಮೆಯ ನಂಬಿಕೆಗಳಲ್ಲಿ ಭೌತವಿಜ್ಞಾನದ ಜೊತೆ ಲೆಕ್ಕ ಪೂರ್ತಿ ತಾಳೆಯಾಗುವುದು ಅಂಬೇಡ್ಕರರ ಈ ನಿಲುವೊಂದೇ. ಅದಕ್ಕಾಗಿ ಅದು ಬಿಟ್ಟುಕೊಟ್ಟದ್ದು ಸತ್ತವರನ್ನು ಮತ್ತೆ ಎಲ್ಲಿಯಾದರೂ ಕಾಣುವ ಆಸೆಯನ್ನು.